ಗ್ಯಾರೇಜ್ ಬಾಗಿಲ ಮೇಲಿನ ‘ನಾಳೆ ಬಾ’: ಬಿಚ್ಚಿಟ್ಟ ಕಾರಿಗೆ ಕಾನೂನು ಎಲ್ಲಿದೆ?

ತೊಂಬತ್ತರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲಿನ ಊರುಗಳಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತೆ, ಮರುದಿನ ಬಂದಾಗಲೂ ಅದನ್ನೇ ಓದುತ್ತೆ, ಮತ್ತೆ ಹೋಗುತ್ತೆ ಅನ್ನೋದು ನಂಬಿಕೆ. ಈ ವರ್ಷ ಜೂನ್ 14ರಿಂದ ಅಕ್ಟೋಬರ್ 9ರವರೆಗೆ, ಒಟ್ಟು 117 ದಿನ, ಆ ದೆವ್ವ ನಾನಾಗಿದ್ದೆ. ಬಾಗಿಲು ಬೆಂಗಳೂರಿನ ಒಂದು ಗ್ಯಾರೇಜಿನದು. ಒಳಗಿದ್ದದ್ದು ಅಪ್ಪನ ಹಳೇ ಪೆಟ್ರೋಲ್ ಕಾರು, ಎಂಜಿನ್ ಬಿಚ್ಚಿದ ಸ್ಥಿತಿಯಲ್ಲಿ.

ಇದು ಒಬ್ಬ ಮೆಕ್ಯಾನಿಕ್ ಮೇಲಿನ ದೂರು ಅಲ್ಲ. ಹಾಗಿದ್ದಿದ್ರೆ ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಸುಮ್ಮನಾಗಬಹುದಿತ್ತು. ಆದ್ರೆ ಈ 117 ದಿನಗಳಲ್ಲಿ ನನಗೆ ಅರ್ಥವಾಗಿದ್ದು ಬೇರೆ. ಲಕ್ಷಾಂತರ ರೂಪಾಯಿ ಬೆಲೆಯ ವಸ್ತುವನ್ನು, ಎಷ್ಟೋ ಜನರ ಹೊಟ್ಟೆಪಾಡಿನ ಸಾಧನವನ್ನು, ಒಂದು ಚೀಟಿಯೂ ಇಲ್ಲದೆ ಇನ್ನೊಬ್ಬರ ಕೈಗೆ ಕೊಟ್ಟು ಬರುವ ಒಂದು ಇಡೀ ವ್ಯವಹಾರ ನಮ್ಮ ನಡುವೆ ನಡೀತಿದೆ. ಅದಕ್ಕೆ ಅಂತಲೇ ಮಾಡಿದ ಒಂದು ಸರಳ ನಿಯಮ ನಮ್ಮಲ್ಲಿಲ್ಲ.

ಬಿಚ್ಚಿದವನ ಕೈಯಲ್ಲಿ ಜುಟ್ಟು

ಆಗಿದ್ದು ಇಷ್ಟು. ನೆಲಮಂಗಲ ದಾಟುವಾಗ ಟೆಂಪರೇಚರ್ ಮುಳ್ಳು ಮೇಲೇರಿತು. ಕಾರು ಟೋ ಮಾಡಿಸಿ ಗ್ಯಾರೇಜಿಗೆ ತಂದ್ವಿ. ‘ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಬಿಚ್ಚಿ ನೋಡ್ಬೇಕು, 32 ಸಾವಿರ ಆಗುತ್ತೆ, ಒಂದು ವಾರ’ ಅಂದರು. 15 ಸಾವಿರ ಅಡ್ವಾನ್ಸ್ ಕೊಟ್ಟೆ. ಎರಡು ವಾರದ ನಂತರ ‘ಹೆಡ್ ಲೇತ್‌ಗೆ ಹೋಗಿದೆ, ಸ್ಪೇರ್ಸ್ ತರಬೇಕು’ ಅಂತ ಇನ್ನೊಂದು 10 ಸಾವಿರ. ಆಮೇಲೆ ಶುರುವಾಗಿದ್ದು ‘ನಾಳೆ’. ಹುಡುಗ ಊರಿಗೆ ಹೋಗಿದ್ದಾನೆ. ಲೇತ್‌ನವನಿಗೆ ಹುಷಾರಿಲ್ಲ. ಜೆಸಿ ರೋಡಲ್ಲಿ ಪಾರ್ಟ್ ಸಿಗ್ತಿಲ್ಲ. ಗಣೇಶನ ಹಬ್ಬ. ದಸರಾ. ಆಯುಧಪೂಜೆಯ ದಿನ ಬೇರೆಲ್ಲಾ ಕಾರುಗಳಿಗೂ ಹೂವು ಹಾಕಿದ್ದ ಫೋಟೋ ಅವರ ಸ್ಟೇಟಸ್‌ನಲ್ಲಿತ್ತು. ನಮ್ಮ ಕಾರು ಹಿಂದೆ ಮೂಲೆಯಲ್ಲಿ ಬಾನೆಟ್ ತೆರೆದುಕೊಂಡು ನಿಂತಿತ್ತು.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು. ಎಂಜಿನ್ ಬಿಚ್ಚಿಡುವುದು ಅಂದ್ರೆ ಏನು ಅಂತ ಗೊತ್ತಿತ್ತು. ಹಾಗಾಗಿ ಭಯ ಸ್ವಲ್ಪ ಜಾಸ್ತಿಯೇ ಇತ್ತು. ಪೂರ್ತಿ ಇರುವ ಕಾರು ಒಂದು ವಸ್ತು. ಬಿಚ್ಚಿದ ಕಾರು ನೂರಾರು ವಸ್ತು. ಯಾವ ಬೋಲ್ಟ್ ಎಲ್ಲಿಯದು, ಯಾವ ವಾಲ್ವ್ ಯಾವ ಸಿಲಿಂಡರಿನದು ಅನ್ನೋ ಲೆಕ್ಕ ಬಿಚ್ಚಿದವನ ತಲೆಯಲ್ಲಿ ಮಾತ್ರ ಇರುತ್ತೆ. ಅವನು ಗುರುತು ಹಾಕಿಡದಿದ್ರೆ, ಅಥವಾ ಕೆಲಸ ಬಿಟ್ಟು ಹೋದ್ರೆ, ಆ ಲೆಕ್ಕವೂ ಹೋಯ್ತು. ಇಂದಿನ ಎಷ್ಟೋ ಎಂಜಿನ್‌ಗಳಲ್ಲಿ ಹೆಡ್ ಬೋಲ್ಟ್‌ಗಳನ್ನು ಒಮ್ಮೆ ಬಿಗಿದು ಬಿಚ್ಚಿದ ಮೇಲೆ ಮತ್ತೆ ಬಳಸುವಂತಿಲ್ಲ. ತೆರೆದಿಟ್ಟ ಸಿಲಿಂಡರ್ ಗೋಡೆಗೆ ಮಳೆಗಾಲದ ತೇವ ತಾಗಿದರೆ ತುಕ್ಕು ಹಿಡಿಯುತ್ತೆ. ಅಂದ್ರೆ ಕಾರು ಸುಮ್ಮನೆ ನಿಂತಿರಲ್ಲ, ದಿನದಿನಕ್ಕೆ ಹಾಳಾಗುತ್ತಿರುತ್ತೆ.

ಓಡಿಸಿಕೊಂಡು ಬರೋಕಾಗಲ್ಲ. ಇನ್ನೊಂದು ಗ್ಯಾರೇಜಿಗೆ ಕೇಳಿದ್ರೆ ‘ಬೇರೆಯವರು ಬಿಚ್ಚಿದ್ದನ್ನ ನಾವು ಮುಟ್ಟಲ್ಲ’ ಅಂತಾರೆ. ಅದರಲ್ಲಿ ತಪ್ಪೂ ಇಲ್ಲ, ನಾಳೆ ಎಂಜಿನ್ ಕೆಟ್ಟರೆ ಬೈಗುಳ ಅವರಿಗೇ. ಹಾಗಾಗಿ ಸ್ಪ್ಯಾನರ್ ಹಿಡಿದು ಮೊದಲ ಬೋಲ್ಟ್ ತಿರುಗಿಸಿದ ಕ್ಷಣದಲ್ಲೇ ಚೌಕಾಸಿಯ ಬಲ ಪೂರ್ತಿ ಒಂದೇ ಕಡೆಗೆ ವಾಲುತ್ತೆ. 32 ಸಾವಿರ ಅಂದಿದ್ದು 45 ಆದರೂ, ಒಂದು ವಾರ ಅಂದಿದ್ದು ನಾಲ್ಕು ತಿಂಗಳಾದರೂ ನೀವು ‘ಅಣ್ಣಾ, ಸ್ವಲ್ಪ ನೋಡಣ್ಣಾ’ ಅಂತ ಬೇಡ್ತಾ ಇರ್ತೀರಿ.

ಅದೇ ಗ್ಯಾರೇಜಿನಲ್ಲಿ ಹಳದಿ ಬೋರ್ಡಿನ ಒಂದು ಕಾರೂ ನಿಂತಿತ್ತು, ಗೇರ್‌ಬಾಕ್ಸ್ ಕೆಳಗಿಳಿಸಿ. ಅದರ ಚಾಲಕ ನನಗಿಂತ ಒಂದು ತಿಂಗಳು ಮುಂಚೆಯೇ ಬಂದವರು. ನನಗೆ ಕಾರಿಲ್ಲ ಅಂದ್ರೆ ಮೆಟ್ರೋ ಇದೆ, ಬಿಎಂಟಿಸಿ ಇದೆ. ಅವರಿಗೆ ಕಾರೇ ಕೆಲಸ. ಸಾಲದ ಇಎಂಐಗೆ ‘ನಾಳೆ ಬಾ’ ಅನ್ನೋಕಾಗಲ್ಲ. ಇನ್ನೊಬ್ಬರ ಗಾಡಿಯನ್ನು ರಾತ್ರಿ ಪಾಳಿಯಲ್ಲಿ ಓಡಿಸಿ, ಬೆಳಿಗ್ಗೆ ನಿದ್ದೆಗಣ್ಣಲ್ಲಿ ಗ್ಯಾರೇಜಿಗೆ ಬರ್ತಿದ್ದರು. ‘ಜೋರು ಮಾಡಿದ್ರೆ ಪಾರ್ಟ್ಸ್ ಎಲ್ಲಾ ಚೀಲಕ್ಕೆ ಹಾಕಿ ತಗೊಂಡ್ ಹೋಗು ಅಂತಾನೆ ಸಾರ್. ಚೀಲ ತಗೊಂಡ್ ಏನ್ ಮಾಡ್ಲಿ?’ ಅಂದಿದ್ದರು.

ಕಾನೂನು ಏನು ಹೇಳುತ್ತೆ?

ಕಾನೂನು ಇಲ್ಲವೇ ಇಲ್ಲ ಅಂತಲ್ಲ. ಹುಡುಕಿದ್ರೆ ಮೂರು ಕಡೆ ಚದುರಿಕೊಂಡಿದೆ.

ಮೊದಲನೆಯದು 1872ರ ಭಾರತೀಯ ಕರಾರು ಕಾಯ್ದೆ. ಒಂದು ಕೆಲಸಕ್ಕಾಗಿ ನಮ್ಮ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಡುವುದರ ಬಗ್ಗೆ ಅದರಲ್ಲಿ ಒಂದು ಅಧ್ಯಾಯವೇ ಇದೆ. ಸೆಕ್ಷನ್ 151ರ ಪ್ರಕಾರ, ವಸ್ತು ಪಡೆದವನು ಸಾಮಾನ್ಯ ವಿವೇಕದ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನವಾಗಿ ಅದನ್ನು ನೋಡಿಕೊಳ್ಳಬೇಕು. ಸೆಕ್ಷನ್ 160ರ ಪ್ರಕಾರ ಅವಧಿ ಮುಗಿದ ಮೇಲೆ, ಅಥವಾ ಉದ್ದೇಶ ಈಡೇರಿದ ಮೇಲೆ, ಕೇಳದಿದ್ರೂ ವಾಪಸ್ ಕೊಡಬೇಕು. ಸೆಕ್ಷನ್ 161ರ ಪ್ರಕಾರ ತನ್ನ ತಪ್ಪಿನಿಂದ ಸಕಾಲಕ್ಕೆ ಕೊಡದಿದ್ರೆ, ಆಮೇಲೆ ಆಗುವ ಹಾನಿಗೆ ಅವನೇ ಹೊಣೆ.

ಆದ್ರೆ ಸೆಕ್ಷನ್ 170 ಮೆಕ್ಯಾನಿಕ್ ಪರವಾಗಿಯೂ ಇದೆ. ಶ್ರಮ ಅಥವಾ ಕೌಶಲ ಹಾಕಿ ಕೆಲಸ ಮಾಡಿದವನು ಅದರ ಕೂಲಿ ಕೈಗೆ ಬರೋವರೆಗೆ ವಸ್ತುವನ್ನು ಹಿಡಿದಿಟ್ಟುಕೊಳ್ಳಬಹುದು. ಕಾಯ್ದೆಯೇ ಕೊಡುವ ಉದಾಹರಣೆ: ಒರಟು ವಜ್ರವನ್ನು ಕತ್ತರಿಸಿ ಹೊಳಪು ಕೊಡಲು ಪಡೆದವನು, ಕೆಲಸ ಮುಗಿಸಿದ ಮೇಲೆ, ಹಣ ಬರೋ ತನಕ ಅದನ್ನು ಇಟ್ಟುಕೊಳ್ಳಬಹುದು. ನ್ಯಾಯವಾದ ಮಾತು. ಕೂಲಿ ಕೊಡದೆ ಗಾಡಿ ಎತ್ತಿಕೊಂಡು ಹೋಗುವ ಗಿರಾಕಿಗಳೂ ಕಮ್ಮಿ ಇಲ್ಲ. ಆದ್ರೆ ಗಮನಿಸಿ: ಈ ಹಕ್ಕು ಒಪ್ಪಿಕೊಂಡ ಉದ್ದೇಶಕ್ಕೆ ತಕ್ಕಂತೆ ಮಾಡಿದ ಕೆಲಸದ ಹಣಕ್ಕೆ ಮಾತ್ರ. ಬಿಚ್ಚಿ ಮೂಲೆಗೆ ಹಾಕಿದ್ದಕ್ಕೆ, ‘ಇಷ್ಟು ದಿನ ನಿಲ್ಲಿಸಿದ್ದರ ಬಾಡಿಗೆ’ ಅಂತ ಕೊನೆಯಲ್ಲಿ ಸೇರಿಸೋ ಮೊತ್ತಕ್ಕೆ ಈ ಸೆಕ್ಷನ್ ರಕ್ಷಣೆ ಕೊಡಲ್ಲ.

ಎರಡನೆಯದು ಗ್ರಾಹಕ ಸಂರಕ್ಷಣಾ ಕಾಯ್ದೆ 2019. ಗ್ಯಾರೇಜ್ ಕೆಲಸ ‘ಸೇವೆ’. ವಿಳಂಬ, ಅರೆಬರೆ ಕೆಲಸ ‘ಸೇವಾ ನ್ಯೂನತೆ’. ಹಣ ಪಡೆದು ಬಿಲ್ ಕೊಡದಿರುವುದು ಈ ಕಾಯ್ದೆಯಲ್ಲಿ ‘ಅನುಚಿತ ವ್ಯಾಪಾರ ಪದ್ಧತಿ’. ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಪಾವತಿಸಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕ ಸೊನ್ನೆ. ವಕೀಲರು ಕಡ್ಡಾಯವಲ್ಲ. ಎರಡು ವರ್ಷದೊಳಗೆ ಹೋಗಬೇಕು. ಹಳದಿ ಬೋರ್ಡಿನ ಚಾಲಕರಿಗೆ ‘ನಿಮ್ಮದು ವಾಣಿಜ್ಯ ವಾಹನ, ನೀವು ಗ್ರಾಹಕರಲ್ಲ’ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಬಳಸುವವರು ಗ್ರಾಹಕರೇ ಅಂತ ಕಾಯ್ದೆಯ ವ್ಯಾಖ್ಯಾನದಲ್ಲೇ ಇದೆ.

ಮೂರನೆಯದು ಪೊಲೀಸ್. ನಾನು ಠಾಣೆಗೆ ಹೋದಾಗ ಸಿಕ್ಕ ಉತ್ತರ, ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’. ಬರೀ ತಡವಾಗಿದ್ದಕ್ಕೆ ಈ ಮಾತು ಸರಿಯೇ, ಸೋಮಾರಿತನ ಅಪರಾಧವಲ್ಲ. ಆದ್ರೆ ನಿಮ್ಮ ಕಾರಿನ ಭಾಗ ತೆಗೆದು ಬೇರೆ ಕಾರಿಗೆ ಹಾಕಿದ್ರೆ, ಮಾರಿದ್ರೆ, ಅದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 316ರ ಅಡಿ ನಂಬಿಕೆ ದ್ರೋಹ ಆಗಬಹುದು. ಶಿಕ್ಷೆ 5 ವರ್ಷದವರೆಗೆ. ಅದನ್ನು ತೋರಿಸಲು, ಕಾರು ಕೊಡುವಾಗ ಆ ಭಾಗ ಇತ್ತು ಅನ್ನೋದಕ್ಕೆ ನಿಮ್ಮ ಹತ್ತಿರ ಪುರಾವೆ ಬೇಕು. ಸಿಕ್ಕಿಬೀಳೋದು ಇಲ್ಲೇ.

ಚೀಟಿ ಇಲ್ಲದ ವ್ಯವಹಾರ

ನನ್ನ ತಪ್ಪನ್ನೂ ಹೇಳಿಬಿಡ್ತೀನಿ. ಕಾರು ಕೊಟ್ಟ ದಿನ ಜಾಬ್ ಕಾರ್ಡ್ ಕೇಳಲಿಲ್ಲ. ‘ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ ಸಾರ್’ ಅಂದಾಗ ಖುಷಿಯಿಂದಲೇ ತಲೆಯಾಡಿಸಿದೆ. 25 ಸಾವಿರದಲ್ಲಿ 15 ಸಾವಿರ ನಗದು. ಯುಪಿಐ ವಹಿವಾಟು ನೋಡಿ ತೆರಿಗೆ ಇಲಾಖೆ ಕಳಿಸಿದ ನೋಟಿಸ್‌ಗಳಿಂದ 2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ಅಂಗಡಿಗಳ ಮುಂದೆ ‘ಕ್ಯಾಶ್ ಮಾತ್ರ’ ಬೋರ್ಡ್ ಬಂದಿದ್ದು ನೆನಪಿದೆಯಲ್ಲ? ಅವರ ಭಯ ಅರ್ಥವಾಗುವಂಥದ್ದೇ. ಆದ್ರೆ ದಾಖಲೆ ಇಲ್ಲದ ವ್ಯವಹಾರದಲ್ಲಿ ಉಳಿತಾಯ ಇಬ್ಬರಿಗೂ ಆಗುತ್ತೆ, ಜಗಳ ಬಂದಾಗ ಕೈ ಖಾಲಿಯಾಗೋದು ಒಬ್ಬರದೇ. ಇನ್ನೊಂದು ವಿಷಯ: ಜಿಎಸ್‌ಟಿ ನೋಂದಣಿಯ ಮಿತಿಗಿಂತ ಕೆಳಗಿರುವ ಸಣ್ಣ ಗ್ಯಾರೇಜ್ ತೆರಿಗೆ ಹಾಕಬೇಕಿಲ್ಲ, ಆದ್ರೆ ಅದಕ್ಕೂ ರಸೀದಿ ಕೊಡದಿರೋದಕ್ಕೂ ಸಂಬಂಧ ಇಲ್ಲ.

‘ಅದಕ್ಕೇ ಕಂಪನಿ ಸರ್ವೀಸ್ ಸೆಂಟರಿಗೆ ಹೋಗ್ಬೇಕಿತ್ತು’ ಅಂತ ಗೆಳೆಯರು ಹೇಳಿದರು. ಹಳೇ ಕಾರಿಗೆ ಅಲ್ಲಿ ಹೇಳುವ ಮೊತ್ತ ಕೇಳಿದ್ರೆ ಎಷ್ಟೋ ಸಲ ಕಾರೇ ಮಾರಿಬಿಡೋಣ ಅನ್ಸುತ್ತೆ. ಇದು ಸುಮ್ಮನೆ ಆಗಿದ್ದಲ್ಲ. ಶಂಶೇರ್ ಕಟಾರಿಯಾ ಅನ್ನುವವರು ಕೊಟ್ಟ ದೂರಿನಿಂದ ಶುರುವಾದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಅಸಲಿ ಬಿಡಿಭಾಗ ಮತ್ತು ದೋಷ ಪತ್ತೆಯ ಉಪಕರಣಗಳು ಸ್ವತಂತ್ರ ಮೆಕ್ಯಾನಿಕ್‌ಗಳಿಗೆ ಮುಕ್ತ ಮಾರುಕಟ್ಟೆಯಲ್ಲಿ ಸಿಗದಂತೆ ಮಾಡಿದ್ದಾರೆ ಅನ್ನೋದು ಮುಖ್ಯ ಆರೋಪ. ಮೇಲ್ಮನವಿ, ರಿಟ್ ಅಂತ ಆ ಪ್ರಕರಣ ವರ್ಷಗಟ್ಟಲೆ ಎಳೆಯಿತು. ಅಂದ್ರೆ ನಮ್ಮ ಗ್ಯಾರೇಜಿನವರು ‘ಪಾರ್ಟ್ ಸಿಗ್ತಿಲ್ಲ ಸಾರ್’ ಅನ್ನೋದು ಎಲ್ಲಾ ಸಲವೂ ಸುಳ್ಳಲ್ಲ.

‘ಆ್ಯಪ್‌ನಲ್ಲಿ ಬುಕ್ ಮಾಡು’ ಅನ್ನೋದು ಇನ್ನೊಂದು ಸಲಹೆ. ಪಿಕಪ್, ಡಿಜಿಟಲ್ ಬಿಲ್, ಎಲ್ಲಾ ಸಿಗುತ್ತೆ. ಆದ್ರೆ 2023ರ ಜನವರಿಯಲ್ಲಿ ಈ ಕ್ಷೇತ್ರದ ದೊಡ್ಡ ಹೆಸರಾಗಿದ್ದ ಗೋಮೆಕ್ಯಾನಿಕ್‌ನ ಸಂಸ್ಥಾಪಕರೇ ಲೆಕ್ಕಪತ್ರದಲ್ಲಿ ತಪ್ಪಾಗಿದೆ ಅಂತ ಒಪ್ಪಿಕೊಂಡು, ಶೇ. 70ರಷ್ಟು ಸಿಬ್ಬಂದಿಯನ್ನು ಕೈಬಿಡುವುದಾಗಿ ಹೇಳಿದ್ದರು. ಆ್ಯಪ್ ಏನೇ ಇದ್ದರೂ, ಬೋಲ್ಟ್ ಬಿಚ್ಚೋದು ಎಲ್ಲೋ ಒಂದು ಶೆಡ್ಡಿನಲ್ಲೇ.

2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನ, ಕೇಂದ್ರ ಸರ್ಕಾರ ‘ರೈಟ್ ಟು ರಿಪೇರ್’ ಪೋರ್ಟಲ್ ಶುರು ಮಾಡಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆ ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಒಳ್ಳೆಯದೇ. ಆದ್ರೆ ಅದು ಕಂಪನಿ ಮತ್ತು ಗ್ರಾಹಕನ ನಡುವಿನ ಮಾತು. ರಿಪೇರಿಯ ಹಕ್ಕು ಅಂದ್ರೆ ರಿಪೇರಿಗೆ ಕೊಟ್ಟಿದ್ದನ್ನು ವಾಪಸ್ ಪಡೆಯೋ ಹಕ್ಕೂ ಹೌದಲ್ವಾ? ಅದರ ಬಗ್ಗೆ ಮಾತೇ ಇಲ್ಲ.

ಒಂದು ಹಾಳೆಯ ಪರಿಹಾರ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಾಹನ ರಿಪೇರಿಗೆ ಅಂತಲೇ ಒಂದು ಸರ್ಕಾರಿ ಬ್ಯೂರೋ ಇದೆ, ಎಪ್ಪತ್ತರ ದಶಕದಿಂದ. ಅಲ್ಲಿನ ಒಂದು ನಿಯಮ ನನಗೆ ತುಂಬಾ ಇಷ್ಟವಾಯ್ತು. ಖರ್ಚು ಎಷ್ಟಾಗುತ್ತೆ ಅಂತ ಹೇಳೋಕೆ ಬಿಚ್ಚಿಯೇ ನೋಡಬೇಕು ಅಂತಾದ್ರೆ, ಬಿಚ್ಚುವ ಮುಂಚೆಯೇ ಒಂದು ಲಿಖಿತ ಅಂದಾಜು ಕೊಡಬೇಕು. ಬಿಚ್ಚೋಕೆ ಎಷ್ಟು, ವಾಪಸ್ ಜೋಡಿಸೋಕೆ ಎಷ್ಟು, ಬಿಚ್ಚಿದಾಗ ಹಾಳಾಗುವ ಗ್ಯಾಸ್ಕೆಟ್‌ನಂಥ ಭಾಗಗಳಿಗೆ ಎಷ್ಟು, ಮತ್ತು ಗಿರಾಕಿ ‘ಬೇಡ’ ಅಂದ್ರೆ ಹೆಚ್ಚೆಂದರೆ ಎಷ್ಟು ದಿನದಲ್ಲಿ ಜೋಡಿಸಿ ಕೊಡ್ತೀವಿ ಅನ್ನೋದೆಲ್ಲ ಅದರಲ್ಲಿರಬೇಕು.

ಬಿಚ್ಚಿದ ಕ್ಷಣದಲ್ಲಿ ಬಲ ಒಂದೇ ಕಡೆಗೆ ವಾಲುತ್ತೆ ಅಂದೆನಲ್ಲ, ಈ ನಿಯಮ ಕೈ ಹಾಕೋದು ನೇರವಾಗಿ ಅಲ್ಲಿಗೇ. ‘ಬೇಡ’ ಅನ್ನೋ ಆಯ್ಕೆಯನ್ನು ಗಿರಾಕಿಯ ಕೈಯಲ್ಲೇ ಉಳಿಸುತ್ತೆ. ಮೆಕ್ಯಾನಿಕ್‌ಗೂ ಲಾಭ ಇದೆ: ಎಂಜಿನ್ ಬಿಚ್ಚಿಸಿ, ಮೊತ್ತ ಕೇಳಿ, ಕಾರು ಬಿಟ್ಟು ಮಾಯವಾಗುವ ಗಿರಾಕಿಯಿಂದ ಬಿಚ್ಚಿದ ಕೂಲಿಯನ್ನಾದ್ರೂ ಕೇಳೋಕೆ ಸಹಿ ಮಾಡಿದ ಕಾಗದ ಇರುತ್ತೆ.

ಇಲ್ಲಿ ಎಚ್ಚರಿಕೆಯೂ ಬೇಕು. ಇಂಥ ಅನುಭವ ಹೇಳಿಕೊಂಡ ತಕ್ಷಣ ಮೆಕ್ಯಾನಿಕ್‌ನ ಜಾತಿ, ಧರ್ಮ ಕೇಳುವವರು ಸಿಗ್ತಾರೆ. ನನಗೂ ಸಿಕ್ಕರು. ಕೆಲಸದ ಶಿಸ್ತಿಗೂ ಹುಟ್ಟಿಗೂ ಸಂಬಂಧ ಇಲ್ಲ, ಈ ವ್ಯವಹಾರದ ಲೆಕ್ಕಾಚಾರಕ್ಕೆ ಖಂಡಿತ ಇದೆ. ಬಂಡವಾಳ ಇಲ್ಲದ ಗ್ಯಾರೇಜಿನಲ್ಲಿ ನನ್ನ ಅಡ್ವಾನ್ಸ್‌ನಿಂದ ಇನ್ನೊಬ್ಬರ ಪಾರ್ಟ್ ಬರುತ್ತೆ, ಇನ್ನೊಬ್ಬರ ಅಡ್ವಾನ್ಸ್‌ನಿಂದ ಹುಡುಗರ ಸಂಬಳ, ಶೆಡ್ಡಿನ ಬಾಡಿಗೆ. ಹೊಸ ಕಾರು ಬಿಚ್ಚಿದ್ರೆ ಮಾತ್ರ ಹೊಸ ದುಡ್ಡು. ಹಾಗಾಗಿ ಬಿಚ್ಚೋ ಕೆಲಸ ಬೇಗ, ಜೋಡಿಸೋ ಕೆಲಸ ನಿಧಾನ. ನಮ್ಮ ಸರ್ಕಾರದ ‘ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ’ ಯೋಜನೆಯಲ್ಲಿ ಹಮಾಲರು, ಟೈಲರ್‌ಗಳು, ಅಗಸರ ಜೊತೆ ಮೆಕ್ಯಾನಿಕ್‌ಗಳಿಗೂ ಸ್ಮಾರ್ಟ್ ಕಾರ್ಡ್ ಇದೆ. ಮೆಕ್ಯಾನಿಕ್ ಒಬ್ಬ ಅಸಂಘಟಿತ ಕಾರ್ಮಿಕ ಅಂತ ಸರ್ಕಾರ ಗುರುತಿಸಿದೆ. ಆದ್ರೆ ಅವನ ಕಸುಬಿಗೆ ಒಂದು ನಮೂನೆ, ಒಂದು ಕನಿಷ್ಠ ಕಟ್ಟುಪಾಡು ಬೇಕು ಅಂತ ಇನ್ನೂ ಅನ್ನಿಸಿಲ್ಲ. ಟ್ರೇಡ್ ಲೈಸೆನ್ಸ್ ನೋಡೋದು ಜಾಗವನ್ನು, ಕೆಲಸವನ್ನಲ್ಲ.

ಹಾಗಂತ ಗ್ಯಾರೇಜುಗಳಿಗೆ ಇನ್ನೊಬ್ಬ ಇನ್‌ಸ್ಪೆಕ್ಟರ್, ಇನ್ನೊಂದು ಮಾಮೂಲಿ ಬೇಕಿಲ್ಲ. ಕನ್ನಡದಲ್ಲಿ, ಒಂದೇ ಹಾಳೆಯ, ಎರಡು ಪ್ರತಿಯ ಜಾಬ್ ಕಾರ್ಡ್ ಸಾಕು. ಕಾರಿನಲ್ಲಿ ಏನೇನಿದೆ, ಏನು ಕೆಲಸ, ಬಿಚ್ಚೋಕೆ ಎಷ್ಟು, ವಾಪಸ್ ಜೋಡಿಸೋಕೆ ಎಷ್ಟು, ಯಾವ ತಾರೀಕು, ಕೊಟ್ಟ ಅಡ್ವಾನ್ಸ್ ಎಷ್ಟು, ಇಬ್ಬರ ಸಹಿ. ಇದನ್ನು ರಾಜ್ಯ ಸರ್ಕಾರ ಕಡ್ಡಾಯ ಮಾಡಲಿ, ನಮೂನೆಯನ್ನು ಉಚಿತವಾಗಿ ಹಂಚಲಿ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ

ನಿಯಮ ಬರೋವರೆಗೆ ಕಾಯೋಕಾಗಲ್ಲ. ನನಗೆ ಕೆಲಸಕ್ಕೆ ಬಂದಿದ್ದನ್ನು ಹೇಳ್ತೀನಿ.

ಒಂದು, ಇನ್ನೊಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. ‘ಪಾರ್ಟ್ ಅಂಗಡಿಯ ಬಿಲ್ ಕೊಡಿ, ಅಂಗಡಿಗೇ ನೇರವಾಗಿ ಹಾಕ್ತೀನಿ’ ಅನ್ನಿ.

ಎರಡು, ಜಗಳ ಶುರು ಮಾಡುವ ಮುಂಚೆ ದಾಖಲೆ ಮಾಡಿ. ಸ್ನೇಹದಿಂದಲೇ ಹೋಗಿ, ಕಾರಿನ ಸುತ್ತ, ಎಂಜಿನ್ ಕೋಣೆ, ಚೀಲದಲ್ಲಿರುವ ಭಾಗಗಳು, ಚಾಸಿ ನಂಬರ್, ಓಡೋಮೀಟರ್ ಎಲ್ಲದರ ವಿಡಿಯೋ ತೆಗೆಯಿರಿ. ಫೋನಿನಲ್ಲಿ ಆದ ಮಾತನ್ನು ಅಂದೇ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ: ‘ಅಣ್ಣ, ಶನಿವಾರ ಕೊಡ್ತೀನಿ ಅಂದ್ರಿ, ಇವತ್ತಿಗೆ 25 ಸಾವಿರ ಕೊಟ್ಟಿದ್ದೀನಿ’. ಅವರು ‘ಸರಿ ಸಾರ್’ ಅಂದ್ರೂ ಅದೊಂದು ಪುರಾವೆ. ಆರ್‌ಸಿ ಕಾರಿನಲ್ಲಿದ್ದರೆ ತಗೊಂಡು ಬನ್ನಿ.

ಮೂರು, ಲಿಖಿತ ನೋಟಿಸ್ ಕೊಡಿ. ವಕೀಲರೇ ಬರೆಯಬೇಕಿಲ್ಲ. ದಿನಾಂಕ, ಕೊಟ್ಟ ಹಣ, ಮಾಡಿದ ಕೆಲಸದ ವಿವರ ಕೊಡಲು ಮನವಿ, 15 ದಿನದ ಗಡುವು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ‘ನಿಜವಾಗಿ ಮಾಡಿದ ಕೆಲಸದ ಕೂಲಿ ಕೊಡಲು ಸಿದ್ಧ’ ಅನ್ನೋ ಸಾಲು ಮರೆಯಬೇಡಿ. ಸೆಕ್ಷನ್ 170ರ ನೆಪ ಅದರಿಂದ ದುರ್ಬಲವಾಗುತ್ತೆ.

ನಾಲ್ಕು, 1915ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಅದು ರಾಜಿ ಮಾಡಿಸೋ ಸಹಾಯವಾಣಿ, ಆದೇಶ ಕೊಡೋ ಅಧಿಕಾರ ಇಲ್ಲ. ಆಗದಿದ್ದರೆ ಇ-ಜಾಗೃತಿ ಪೋರ್ಟಲ್ ಮೂಲಕ ಜಿಲ್ಲಾ ಆಯೋಗಕ್ಕೆ ದೂರು. ದೂರಿನ ಜೊತೆಗೇ ಸೆಕ್ಷನ್ 38(8)ರ ಅಡಿ ‘ಕಾರನ್ನು ಮೊದಲು ಕೊಡಿಸಿ’ ಅಂತ ಮಧ್ಯಂತರ ಆದೇಶ ಕೇಳಿ.

ಐದು, ಒಳ್ಳೆ ಮೆಕ್ಯಾನಿಕ್ ಒಬ್ಬರನ್ನು ಮೊದಲೇ ಹುಡುಕಿಟ್ಟುಕೊಂಡು, ಅವರನ್ನೂ ಕರೆದುಕೊಂಡು, ಫ್ಲ್ಯಾಟ್‌ಬೆಡ್ ಗಾಡಿ ತಗೊಂಡೇ ಹೋಗಿ. ನಿಂತು ವಾದ ಮಾಡೋದಕ್ಕಿಂತ, ಎತ್ತಿಕೊಂಡು ಹೋಗೋಕೆ ಸಿದ್ಧರಾಗಿ ಹೋಗೋದು ಬೇರೆ.

ನಾನು ಹಾಗೇ ಹೋದೆ. ನೋಟಿಸ್ ತಲುಪಿ ಹತ್ತು ದಿನ ಆಗಿತ್ತು. ಮೊದಲು ‘ಇನ್ನೂ 18 ಸಾವಿರ ಬಾಕಿ’ ಅಂದರು. ಯಾವುದಕ್ಕೆ ಅಂತ ಬರೆದುಕೊಡಿ ಅಂದೆ. ಲೇತ್ ಮತ್ತು ಬಿಚ್ಚಿದ ಕೂಲಿ ಸೇರಿ 8,500ರ ಲೆಕ್ಕ ಬಂತು. ನಾನು ಕೊಟ್ಟಿದ್ದು 25 ಸಾವಿರ. ಉಳಿದದ್ದನ್ನು ಕೇಳೋ ಶಕ್ತಿ ಅವತ್ತು ನನಗಿರಲಿಲ್ಲ, ಅವರ ಹತ್ತಿರ ಕೊಡೋಕೆ ದುಡ್ಡೂ ಇರಲಿಲ್ಲ. ಮೂರು ಸಿಮೆಂಟ್ ಚೀಲಗಳಲ್ಲಿ ಎಂಜಿನ್ ಭಾಗಗಳನ್ನು ಎಣಿಸಿ ಹಾಕಿಕೊಂಡ್ವಿ. ಒಂದು ಇಗ್ನಿಷನ್ ಕಾಯಿಲ್ ಇರಲಿಲ್ಲ. ಜೂನ್‌ನಲ್ಲಿ ನಾನು ಫೋಟೋ ತೆಗೆದಿರಲಿಲ್ಲ, ಹಾಗಾಗಿ ಅದು ಇತ್ತು ಅನ್ನೋದಕ್ಕೆ ನನ್ನ ಮಾತು ಬಿಟ್ರೆ ಬೇರೇನಿಲ್ಲ. ಟೋ 2,800, ಎರಡನೇ ಗ್ಯಾರೇಜಿನ ಕೆಲಸ 41 ಸಾವಿರ. ಮೊದಲನೆಯದೂ ಸೇರಿ 68,800. ಆ ಹಿರಿಯ ಮೆಕ್ಯಾನಿಕ್ ಸಿಲಿಂಡರಿನೊಳಗೆ ಬೆರಳಾಡಿಸಿ, ‘ಇನ್ನೊಂದು ಮಳೆ ಬಿಟ್ಟಿದ್ರೆ ಗುಜರಿಗೇ ಹಾಕ್ಬೇಕಿತ್ತು ನೋಡಪ್ಪ’ ಅಂದರು.

ಗ್ರಾಹಕ ಆಯೋಗಕ್ಕೂ ದೂರು ಹಾಕಿದ್ದೀನಿ. ಎದುರು ಪಕ್ಷಕ್ಕೆ ನೋಟಿಸ್ ತಲುಪಿದ ಮೂರು ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಿದ್ರೆ ಐದು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಅನ್ನುತ್ತೆ ಕಾಯ್ದೆ. ಆಯೋಗಗಳಲ್ಲಿ ಹುದ್ದೆಗಳೇ ಖಾಲಿ ಇವೆ ಅನ್ನೋ ಕಾರಣಕ್ಕೆ 2021ರಲ್ಲಿ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡು ಸರ್ಕಾರಗಳನ್ನು ತರಾಟೆಗೆ ತೆಗೆದುಕೊಂಡಿತ್ತು. ಹಾಗಾಗಿ ಅಲ್ಲೂ ‘ನಾಳೆ ಬಾ’ ಕೇಳೋಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೀನಿ.

ನನಗೆ ಕಾಯೋಕೆ ಆಗುತ್ತೆ. ನೋಟಿಸ್ ಬರೆಯೋಕೆ ಬಂತು, ಸೆಕ್ಷನ್ ಹುಡುಕೋಕೆ ಬಂತು, ಕೆಲಸದ ಮಧ್ಯೆ ಒಂದು ದಿನ ರಜೆ ಸಿಕ್ಕಿತು, ಎರಡನೇ ಸಲ 41 ಸಾವಿರ ಹೊಂದಿಸೋಕಾಯ್ತು. ಹಳದಿ ಬೋರ್ಡಿನ ಚಾಲಕರಿಗೆ ಇದರಲ್ಲಿ ಯಾವುದೂ ಇಲ್ಲ. ಅವರ ದೂರನ್ನು ಇಬ್ಬರೂ ಕೂತು ಕನ್ನಡದಲ್ಲೇ ಬರೆದ್ವಿ. ಗ್ಯಾರೇಜಿಗೆ ಗಾಡಿ ಕೊಟ್ಟಿದ್ದಕ್ಕೆ ಆಧಾರ ಏನು ಅನ್ನೋ ಕಡೆ ಪೆನ್ ನಿಂತಿತು. ಅವರ ಹತ್ತಿರ ಇದ್ದಿದ್ದು ಒಂದು ಯುಪಿಐ ಸ್ಕ್ರೀನ್‌ಶಾಟ್ ಮತ್ತು ‘ನಾಳೆ ಪಕ್ಕಾ ಅಣ್ಣ’ ಅನ್ನೋ ಇಪ್ಪತ್ತಮೂರು ವಾಯ್ಸ್ ಮೆಸೇಜ್. ಅವನ್ನೇ ಒಂದೊಂದಾಗಿ, ತಾರೀಕು ಹಾಕಿ ಬರೆದು ಲಗತ್ತಿಸಿದ್ದೀವಿ.

ಕಾರು ಇನ್ನೂ ಅಲ್ಲೇ ಇದೆ. ಒಂದು ಹಾಳೆಯ ಜಾಬ್ ಕಾರ್ಡ್ ಇದ್ದಿದ್ರೆ ಆ ಇಪ್ಪತ್ತಮೂರು ಬೇಕಾಗ್ತಿರಲಿಲ್ಲ.